ರಾಯರ ಕುದುರೆ, ಇಲಾಖೆಯ ಫೋನು

ವಿರೂಪಾಪುರಗಡ್ಡೆಯ ಬಂಡೆ ಹತ್ತಿ ನಿಂತರೆ ಹೊಳೆಯ ಆಚೆ ದಡದಲ್ಲಿ ಹಂಪಿ. ಈಚೆ ನಾವು, ಗಂಗಾವತಿ ತಾಲ್ಲೂಕಿನವರು. ಆಚೆ ದಡದಲ್ಲಿ ಸುಮಾರು ಐನೂರು ವರ್ಷಗಳ ಹಿಂದೆ ನಡೆಯುತ್ತಿದ್ದ ಒಂದು ಪದ್ಧತಿ ಈಗ ನಮ್ಮ ಅಂಗನವಾಡಿ ಅಕ್ಕೋರ ಕೈಯಲ್ಲಿರುವ ಸರ್ಕಾರಿ ಫೋನಿನ ತನಕ ಬಂದು ಮುಟ್ಟಿದೆ ಅಂದರೆ ನಗಬೇಡ್ರಿ, ಸ್ವಲ್ಪ ಕೇಳ್ರಿ.

ನೂನಿಜ್ ಅಂತ ಒಬ್ಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಇದ್ದ. ಅಚ್ಯುತರಾಯನ ಕಾಲದಲ್ಲಿ, 1535ರ ಆಸುಪಾಸಿನಲ್ಲಿ, ವಿಜಯನಗರದ ಬಗ್ಗೆ ಬರೆದಿಟ್ಟ. ವ್ಯಾಪಾರಿಯಾದ್ದರಿಂದ ಅವನಿಗೆ ಗುಡಿ ಗೋಪುರಗಳಿಗಿಂತ ಕುದುರೆ ಲೆಕ್ಕದ ಮೇಲೆ ಕಣ್ಣು ಜಾಸ್ತಿ. ಅವನು ಹೇಳುವ ಪ್ರಕಾರ ಅರಮನೆ ಕಾವಲಿನ ಆರು ಸಾವಿರ ಸವಾರರಿಗೆ ರಾಯರೇ ಪುಕ್ಕಟೆಯಾಗಿ ಕುದುರೆ ಕೊಡುತ್ತಿದ್ದರು, ತಿಂಗಳು ತಿಂಗಳು ಅದರ ಮೇವು ಕಾಳಿನ ವ್ಯವಸ್ಥೆಯೂ ಅರಮನೆಯದೇ. ಆ ಕುದುರೆಗಳ ಮೈಮೇಲೆ ರಾಯರ ಮುದ್ರೆ. ಕುದುರೆ ಸತ್ತರೆ ಸವಾರ ಮುದ್ರೆ ಇದ್ದ ಚರ್ಮದ ತುಂಡನ್ನು ಕೊಯ್ದು ಒಯ್ದು ಲಾಯದ ಮುಖ್ಯಸ್ಥನಿಗೆ ತೋರಿಸಬೇಕು. ತೋರಿಸಿದರೆ ಇನ್ನೊಂದು ಕುದುರೆ ಸಿಗುತ್ತಿತ್ತು. ಹಾಗೆ ಕೊಡುತ್ತಿದ್ದವು ಬಹುಪಾಲು ನಾಟಿ ಕುದುರೆ. ಸಾವಿರ ಪರ್ದಾವ್‌ಗೆ (ನಮ್ಮ ವರಾಹಕ್ಕೆ ಅವರಿಟ್ಟ ಹೆಸರು) 12ರಿಂದ 15 ಬರುವಂಥವು. ಪರ್ಶಿಯಾ ಕಡೆಯ ಒಳ್ಳೇ ಕುದುರೆಗಳನ್ನು ರಾಯರು ಮೊದಲೇ ಆರಿಸಿ ತಮ್ಮ ಲಾಯಕ್ಕೆ ಕಟ್ಟಿಕೊಳ್ಳುತ್ತಿದ್ದರು.

ಇದೇ ನೂನಿಜ್ ಇನ್ನೊಂದು ಲೆಕ್ಕವನ್ನೂ ಕೊಡುತ್ತಾನೆ. ನಾಯಕರಿಗೆ ರಾಯರು ಕುದುರೆ ಕೊಡುತ್ತಿರಲಿಲ್ಲ, ಮಾರುತ್ತಿದ್ದರು. ಸಾವಿರ ಪರ್ದಾವ್‌ಗೆ ಐದೇ ಐದು. ದುಡ್ಡು ಸೆಪ್ಟೆಂಬರ್ ತಿಂಗಳೊಳಗೆ ಕಟ್ಟಬೇಕು. ಅಂದರೆ ರಾಯರ ಸೇವೆಗೆ ನಾಯಕ ತನ್ನ ಹಣದಲ್ಲಿ ಕೊಂಡ ಕುದುರೆ ತರಬೇಕು, ಲಾಭ ಮಾತ್ರ ಅರಮನೆಗೆ. ಮುದ್ರೆಯ ಮಾತನ್ನು ನೂನಿಜ್ ಆಡುವುದು ಪುಕ್ಕಟೆ ಕೊಟ್ಟ ಕುದುರೆಗಳ ಬಗ್ಗೆ.

ಯಾವ ಸಂಸ್ಥೆಗಳು ಡಿವೈಸ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಹಾಕಿಸಿಕೊಳ್ಳುತ್ತವೆ, ಯಾವುವು ಹಾಕಿಸಿಕೊಳ್ಳುವುದಿಲ್ಲ ಅಂತ ಯಾರಾದರೂ ಕೇಳಿದರೆ ನಾನು ಶುರು ಮಾಡುವುದು ಇಲ್ಲಿಂದಲೇ.

ಈ ಸಾಫ್ಟ್‌ವೇರ್ ಗೊತ್ತಿಲ್ಲದವರಿಗೆ ಎರಡು ಮಾತು. ಕಂಪನಿಯೋ ಇಲಾಖೆಯೋ ಕೊಟ್ಟ ಸಾವಿರಾರು ಫೋನು, ಟ್ಯಾಬು, ಲ್ಯಾಪ್‌ಟಾಪುಗಳನ್ನು ಒಂದೇ ಕಡೆ ಕೂತು ಹಿಡಿತದಲ್ಲಿ ಇಟ್ಟುಕೊಳ್ಳುವ ಏರ್ಪಾಡು ಇದು. ಯಾವ ಆ್ಯಪ್ ಇರಬೇಕು, ಯಾವುದು ಇರಬಾರದು, ಕ್ಯಾಮೆರಾ ತೆರೀಬೇಕೋ ಬೇಡವೋ, ಎಲ್ಲ ದೂರದಿಂದಲೇ. ಫೋನು ಕಳೆದರೆ ಅಲ್ಲಿಂದಲೇ ಒರೆಸಿ ಖಾಲಿ ಮಾಡಬಹುದು. ಬೇಕಾದರೆ ಒಂದೇ ಆ್ಯಪ್ ಬಿಟ್ಟು ಬೇರೇನೂ ತೆರೆಯದ ಹಾಗೆ ಬೀಗ ಜಡಿಯಬಹುದು. 1999ರಿಂದ ಬ್ಲ್ಯಾಕ್‌ಬೆರಿ ಸರ್ವರ್ ಕಂಪನಿಗಳಿಗೆ ಇದರ ರುಚಿ ಹತ್ತಿಸಿತು. 2010ರಲ್ಲಿ ಐಫೋನ್ ಈ ಬಾಗಿಲು ತೆರೆಯಿತು, 2014ರ ಲಾಲಿಪಾಪ್ ಆವೃತ್ತಿಯಲ್ಲಿ ಆಂಡ್ರಾಯ್ಡ್ ಗಟ್ಟಿಯಾಗಿ ತೆರೆಯಿತು. ಬೆಂಗಳೂರಿನಲ್ಲೇ 2009ರಲ್ಲಿ ಹುಟ್ಟಿದ ಫಾರ್ಟಿಟೂ ಗಿಯರ್ಸ್ ಕಂಪನಿ ಈ ಬೀಗಗಳನ್ನೇ ಮಾಡಿ ಹೊರದೇಶಗಳಿಗೂ ಮಾರುತ್ತದೆ. ಆಂಡ್ರಾಯ್ಡ್‌ನ ಪರಿಭಾಷೆಯಲ್ಲಿ 'ಡಿವೈಸ್ ಓನರ್' ಅಂತ ಒಂದು ಪದವಿ ಇದೆ. ಅದು ಫೋನು ಹಿಡಿದ ಮನುಷ್ಯನದಲ್ಲ, ಕೊಂಡವನದೂ ಅಲ್ಲ. ಒಳಗೆ ಕೂತ ಆ್ಯಪ್‌ನದು. ಆಧುನಿಕ ಮುದ್ರೆ ಅಂದರೆ ಅದೇ.

ಮಾಹಿತಿ ಎಲ್ಲಿ ಅಮೂಲ್ಯವೋ ಅಲ್ಲಿ ಬೀಗ ಬೀಳುತ್ತದೆ ಅಂತ ಮಾರುವವರು ಹೇಳುತ್ತಾರೆ. ಬ್ಯಾಂಕಿನ ಮಟ್ಟಿಗೆ ಅದು ನಿಜವೇ, ಅಲ್ಲಿ ರಿಸರ್ವ್ ಬ್ಯಾಂಕಿನ ನಿಯಮದ ಭಯವೂ ಇದೆ. ಆದರೆ ಸುತ್ತ ನೋಡಿದಾಗ ನನಗೆ ಕಾಣುವುದು ಬೇರೆ. ಸಾಮಾನು ಕೊಟ್ಟವನದು, ಹಿಡಿದವನು ಕಣ್ಣಿಗೆ ಕಾಣದಷ್ಟು ದೂರ, ಹಿಡಿದವರು ಸಾವಿರಗಟ್ಟಲೆ, ನೋಡಿಕೊಳ್ಳುವ ತಂತ್ರಜ್ಞರು ಬೆರಳೆಣಿಕೆ. ಇವು ಕೂಡಿದ ಕಡೆ ಬೀಗ ಬರುತ್ತದೆ. ಗೋದಾಮಿನಲ್ಲಿ ಬಾರ್‌ಕೋಡ್ ಓದುವ ಯಂತ್ರಕ್ಕೆ ಬೀಗ ಇರುತ್ತದೆ. ಅದೇ ಪೊಟ್ಟಣವನ್ನು ಮನೆಗೆ ತರುವ ಡೆಲಿವರಿ ಹುಡುಗನ ಫೋನಿಗೆ ಆ ಬೀಗ ಇಲ್ಲ. ಗಾಡಿ ಅವನದು, ಪೆಟ್ರೋಲ್ ಅವನದು, ಫೋನೂ ಅವನದು. ಕಂಪನಿಗೆ ತನ್ನ ಆ್ಯಪ್ ಒಂದು ನಡೆದರೆ ಸಾಕು. ನಾಯಕರ ಕುದುರೆ!

ಗಡ್ಡೆಯಲ್ಲಿ ಗೆಸ್ಟ್‌ಹೌಸುಗಳಿದ್ದ ಕಾಲದಲ್ಲಿ ಅಲ್ಲಿಯ ಹುಡುಗರು ತಮ್ಮ ಫೋನಿನಲ್ಲೇ ರೂಮು ಬುಕ್ ಮಾಡಿಕೊಳ್ಳುವುದನ್ನು ನೋಡಿದ್ದೇನೆ. ಅಲ್ಲಿ ಸಾಫ್ಟ್‌ವೇರ್ ಎಂದರೆ ಗಲ್ಲಾದ ಮುಂದೆ ಕೂತ ಮಾಲೀಕನ ಎರಡು ಕಣ್ಣು. 2020ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚ್ ಮೊದಲ ವಾರದಲ್ಲಿ ಜೆಸಿಬಿಗಳು ಬಂದವು, ಗೆಸ್ಟ್‌ಹೌಸುಗಳು ನೆಲಸಮವಾದವು. ಅದೇ ತಿಂಗಳ ಕೊನೆಗೆ ಲಾಕ್‌ಡೌನ್. ಬೆಂಗಳೂರಿನ ಕಂಪನಿಗಳು ಲ್ಯಾಪ್‌ಟಾಪುಗಳನ್ನು ಊರೂರಿಗೆ ಕಳಿಸಿದವು, ಅದುವರೆಗೆ ಮೀನಮೇಷ ಎಣಿಸುತ್ತಿದ್ದವರೂ ಡಿವೈಸ್ ಮ್ಯಾನೇಜ್‌ಮೆಂಟ್ ಹಿಂದೆ ಬಿದ್ದರು. ಸಾಮಾನು ಕಣ್ಣಳತೆ ದಾಟಿ ಹೋಗಿತ್ತಲ್ಲ.

ನಮ್ಮ ಸರ್ಕಾರಕ್ಕೆ ಬೀಗದ ಅಭ್ಯಾಸ ಅದಕ್ಕೂ ಹಳೆಯದು. 2000ದ ಸುಮಾರಿಗೆ 'ಭೂಮಿ' ಬಂದಾಗ ಕೈಬರಹದ ಪಹಣಿಗೆ ಬೆಲೆ ಹೋಯಿತು, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಕಂಪ್ಯೂಟರ್ ಪಹಣಿ ಬಂತು. ಅಲ್ಲಿ ಕೂತ ನೌಕರ ಬರೀ ಪಾಸ್‌ವರ್ಡ್ ಹೊಡೆದರೆ ಸಾಲದು, ಬೆರಳು ಒತ್ತಬೇಕಿತ್ತು. ಯಾರು ಯಾವ ದಾಖಲೆ ತಿದ್ದಿದರು ಎನ್ನುವುದು ಉಳಿಯುತ್ತಿತ್ತು. ಅದು ಒಳ್ಳೆಯ ಬೀಗ ಅಂತಲೇ ನನ್ನ ಅಭಿಪ್ರಾಯ. ಯಂತ್ರ ಸರ್ಕಾರದ್ದು, ಕುರ್ಚಿ ಸರ್ಕಾರದ್ದು, ಕೂತವನು ಸಂಬಳದ ನೌಕರ. ಕೆಟ್ಟರೆ ಇಲಾಖೆ ರಿಪೇರಿ ಮಾಡಿಸುತ್ತಿತ್ತು, ಅವನ ಜೇಬಿಗೆ ಕೈ ಹಾಕುತ್ತಿರಲಿಲ್ಲ.

ಅಂಗನವಾಡಿಯ ಕಥೆ ಹಾಗಲ್ಲ. 1975ರಲ್ಲಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆರಂಭವಾದದ್ದು ತಿ. ನರಸೀಪುರದಲ್ಲಿ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ತೂಕ ನೋಡು, ಮೊಟ್ಟೆ ಕೊಡು, ಚುಚ್ಚುಮದ್ದಿಗೆ ಕರೆ ತಾ, ಬಾಣಂತಿ ಮನೆಗೆ ಹೋಗು, ಮಧ್ಯೆ ಮಧ್ಯೆ ರಿಜಿಸ್ಟರು ತುಂಬು. ಇಷ್ಟೆಲ್ಲ ಮಾಡುವ ಅಕ್ಕೋರಿಗೆ ಸಿಗುವುದು ಸಂಬಳ ಅಲ್ಲ, 'ಗೌರವಧನ'. ಅವರು ಸರ್ಕಾರಿ ನೌಕರರೋ ಅಲ್ಲವೋ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನ ತನಕ ಒಯ್ದದ್ದು ನಮ್ಮ ಕರ್ನಾಟಕ ಸರ್ಕಾರವೇ. ಅಮೀರಬೀ ಪ್ರಕರಣ ಅಂತ ಅದು ಹೆಸರಾಗಿದೆ. ಅಂಗನವಾಡಿ ಕಾರ್ಯಕರ್ತೆಯದು ಸಿವಿಲ್ ಹುದ್ದೆ ಅಲ್ಲ ಎಂದು 2006ರ ಡಿಸೆಂಬರ್‌ನಲ್ಲಿ ತೀರ್ಪಾಯಿತು, ಸರ್ಕಾರ ಗೆದ್ದಿತು.

2018ರ ಮಾರ್ಚ್ 8ರಂದು ಪೋಷಣ್ ಅಭಿಯಾನ ಬಂತು. ಹನ್ನೊಂದರಲ್ಲಿ ಹತ್ತು ರಿಜಿಸ್ಟರು ಫೋನಿಗೆ ಹೋಗಬೇಕು ಎಂಬುದು ಯೋಚನೆ. ಅದಕ್ಕೆ ಕೊಳ್ಳುವ ಸ್ಮಾರ್ಟ್‌ಫೋನಿನ ಜೊತೆಗೇ ಡಿವೈಸ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರನ್ನೂ ಸೇರಿಸಲಾಯಿತು. ಕಾರಣ ಅರ್ಥ ಆಗದ್ದೇನಲ್ಲ. ದೇಶದಾದ್ಯಂತ ಲಕ್ಷಗಟ್ಟಲೆ ಫೋನು, ಪ್ರತಿ ಹಳ್ಳಿಗೂ ಹೋಗಿ ಆ್ಯಪ್ ಹಾಕಿಕೊಡುವವರು ಯಾರು? ಮನೆಯ ಹುಡುಗರು ಗೇಮು ಹಾಕಿ ಫೋನು ತುಂಬಿಸಿದರೆ ಮಕ್ಕಳ ತೂಕದ ಲೆಕ್ಕ ಎಲ್ಲಿ ಕೂರಬೇಕು? ಮಕ್ಕಳ, ಗರ್ಭಿಣಿಯರ ವಿವರ ಇರುವ ಫೋನು ಸಂತೆಯಲ್ಲಿ ಕಳೆದರೆ? ಈ ಮೂರಕ್ಕೂ ಬೀಗ ಬೇಕು ಅಂತ ನಾನೂ ಒಪ್ಪುತ್ತೇನೆ.

ಆದರೆ ಒಂದು ವಿಚಿತ್ರ ನೋಡ್ರಿ. ಕೋರ್ಟಿನಲ್ಲಿ 'ಇವಳು ನಮ್ಮ ನೌಕರಳಲ್ಲ' ಎಂದು ಗೆದ್ದ ಮೇಲೆ, ನೌಕರರಿಗೆ ಹಾಕುವ ಮುದ್ರೆಯನ್ನು ಅವಳ ಕೈಗೆ ಕೊಟ್ಟ ಸಾಮಾನಿಗೆ ಒತ್ತಿದ್ದಾಯಿತು. ಅವಳು ಗ್ರಾಚ್ಯುಟಿಗೆ ಅರ್ಹಳು ಎಂದು ಸುಪ್ರೀಂ ಕೋರ್ಟ್ ಹೇಳಲು 2022ರ ಏಪ್ರಿಲ್ ಬರಬೇಕಾಯಿತು. ಅಧಿಕಾರ ಮೊದಲು ಬಂತು, ಹಕ್ಕು ನಾಲ್ಕು ವರ್ಷ ತಡವಾಗಿ.

ಮುದ್ರೆಗೆ ಎರಡು ಮುಖ ಇತ್ತು ಅನ್ನುವುದನ್ನು ಮರೆಯಬಾರದು. ಈ ಕುದುರೆ ನನ್ನದು ಅನ್ನುವ ರಾಯರ ಮಾತು ಒಂದು. ಸತ್ತರೆ ಇನ್ನೊಂದು ಕೊಡಬೇಕು ಅನ್ನುವ ಸವಾರನ ಮಾತು ಇನ್ನೊಂದು. ಒಂದೇ ಚರ್ಮದ ತುಂಡು ಎರಡಕ್ಕೂ ಸಾಕ್ಷಿ. ಫೋನಿನ ವಿಷಯದಲ್ಲಿ ಮೊದಲನೆಯದು ಮಾತ್ರ ಗಟ್ಟಿ ನಿಂತಿತು. ಪಕ್ಕದ ಮಹಾರಾಷ್ಟ್ರದಲ್ಲಿ ಕೊಟ್ಟ 2 ಜಿಬಿ ರ್‍ಯಾಮಿನ ಫೋನುಗಳು ಎರಡು ವರ್ಷದಲ್ಲಿ ಏದುಸಿರು ಬಿಟ್ಟವು. ಇವೂ ನಾಟಿ ತಳಿಯೇ. ಅಷ್ಟರಲ್ಲಿ ಹಳೆಯ ಆ್ಯಪ್ ನಿಂತು 2021ರ ಮಾರ್ಚ್‌ನಲ್ಲಿ ಪೋಷಣ್ ಟ್ರ್ಯಾಕರ್ ಬಂತು, ಅದು ಈ ಫೋನುಗಳಿಗೆ ಭಾರ, ಭಾಷೆಯೂ ಇಂಗ್ಲಿಷ್. ವಾರಂಟಿ ಮುಗಿದಿತ್ತು, ರಿಪೇರಿ ಖರ್ಚು ಕಾರ್ಯಕರ್ತೆಯರ ತಲೆ ಮೇಲೆ. ಆ ವರ್ಷದ ಆಗಸ್ಟ್‌ನಲ್ಲಿ ಅವರು ಗುಂಪು ಗುಂಪಾಗಿ ಹೋಗಿ ಫೋನುಗಳನ್ನು ಇಲಾಖೆಗೇ ಒಪ್ಪಿಸಿ ಬಂದರು. ಲಾಯದ ಮುಖ್ಯಸ್ಥನ ಮುಂದೆ ಚರ್ಮ ಇಟ್ಟ ಹಾಗೆ. ನನ್ನ ಪ್ರಕಾರ ಅಷ್ಟು ಸರಿಯಾದ ಪ್ರತಿಭಟನೆ ಇನ್ನೊಂದಿಲ್ಲ. ಸಾಮಾನು ನಿಮ್ಮದು ತಾನೆ, ತಗೊಳ್ಳಿ.

ಫೋನನ್ನೇ ಕೊಡದೆ ಕೆಲಸ ತೆಗೆಯುವ ದಾರಿ ಇನ್ನೂ ಅಗ್ಗ. ಉದ್ಯೋಗ ಖಾತ್ರಿಯಲ್ಲಿ 2021ರ ಮೇ ತಿಂಗಳಿಂದ ಹಾಜರಿ ಆ್ಯಪ್ ಬಂತು, 2023ರ ಜನವರಿ 1ರಿಂದ ಎಲ್ಲ ಕಡೆ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊ ಏರಿಸಬೇಕಾದ ಕಾಯಕ ಬಂಧು ತನ್ನದೇ ಫೋನು, ತನ್ನದೇ ಡೇಟಾ ಹಾಕಿದ. ಗ್ರಾಮ ಆಡಳಿತಾಧಿಕಾರಿಗಳಂತೂ ಪಕ್ಕಾ ಸರ್ಕಾರಿ ನೌಕರರು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಅವರು ರಾಜ್ಯದ ಉದ್ದಗಲಕ್ಕೂ ಮುಷ್ಕರ ಕೂತರು. ಹತ್ತಾರು ಆ್ಯಪ್‌ಗಳಲ್ಲಿ ಕೆಲಸ ಮಾಡಿ ಅಂತೀರಿ, ಮೊಬೈಲು ಲ್ಯಾಪ್‌ಟಾಪು ಎಲ್ಲಿ ಅನ್ನುವುದು ಅವರ ಬೇಡಿಕೆಗಳಲ್ಲಿ ಮುಖ್ಯವಾದದ್ದು. ನೌಕರರಲ್ಲದವರಿಗೆ ಬೀಗ ಹಾಕಿದ ಫೋನು, ನೌಕರರಿಗೆ ಫೋನೇ ಇಲ್ಲ.

ಸ್ವಂತ ಫೋನಿನಲ್ಲಿ ಕಚೇರಿ ಕೆಲಸ ಮಾಡುವವರಿಗೂ ಆಂಡ್ರಾಯ್ಡ್‌ನಲ್ಲಿ ಒಂದು ದಾರಿ ಇದೆ. ಅದಕ್ಕೆ 'ವರ್ಕ್ ಪ್ರೊಫೈಲ್' ಅನ್ನುತ್ತಾರೆ. ಒಂದೇ ಫೋನಿನೊಳಗೆ ನಡುಗೋಡೆ ಎಬ್ಬಿಸಿ, ಕಚೇರಿಯ ಆ್ಯಪ್ ಒಂದು ಕಡೆ, ಮನೆಯ ಫೋಟೊ ವಾಟ್ಸ್‌ಆ್ಯಪ್ ಇನ್ನೊಂದು ಕಡೆ. ಕಚೇರಿಗೆ ತನ್ನ ಕೋಣೆಯ ಬೀಗದ ಕೈ ಮಾತ್ರ, ಕೆಲಸ ಬಿಟ್ಟರೆ ಆ ಕೋಣೆ ಮಾತ್ರ ಖಾಲಿ. ದೊಡ್ಡ ಕಂಪನಿಗಳ ಸಿಬ್ಬಂದಿಗೆ ಇದು ಹಳೆಯ ಸಂಗತಿ. ಗ್ರಾಮ ಆಡಳಿತಾಧಿಕಾರಿಗೆ, ಕಾಯಕ ಬಂಧುವಿಗೆ ಇದನ್ನು ಕೊಡಬೇಕಾದರೆ ಇಲಾಖೆ ಫೋನಿನ ಲೆಕ್ಕದಲ್ಲಿ ವರ್ಷ ವರ್ಷ ಲೈಸೆನ್ಸಿನ ದುಡ್ಡು ಕಟ್ಟಬೇಕಾಗುತ್ತದೆ. ಕಟ್ಟಿದ ಮೇಲೆ, ಆ ಫೋನಿನಲ್ಲಿ ನಡೆಯುತ್ತಿರುವುದು ತನ್ನದೇ ಕೆಲಸ ಎಂದು ಕಾಗದದ ಮೇಲೆ ಒಪ್ಪಿಕೊಂಡ ಹಾಗೂ ಆಗುತ್ತದೆ. ರೀಚಾರ್ಜ್ ಕೇಳುವವರು ಆ ಕಾಗದ ಹಿಡಿದುಕೊಂಡೇ ಬರುತ್ತಾರೆ.