ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ: ತವರು, ಬಾಲ್ಯ, ಮನೆತನ

ಕೆಂಪನಂಜಮ್ಮಣ್ಣಿ (1866–1934) ಮೈಸೂರಿನ ಹತ್ತನೆಯ ಚಾಮರಾಜ ಒಡೆಯರ ಪಟ್ಟದ ರಾಣಿ, ನಾಲ್ವಡಿ ಕೃಷ್ಣರಾಜ ಒಡೆಯರ ತಾಯಿ, 1895ರಿಂದ 1902ರವರೆಗೆ ಸಂಸ್ಥಾನವನ್ನು ನಡೆಸಿದ ರಾಜಪ್ರತಿನಿಧಿ. ಉತ್ತರ ಬೆಂಗಳೂರಿಗೆ ಆಕೆಯ ಋಣ ದೊಡ್ಡದು. ಹೆಬ್ಬಾಳದಲ್ಲಿ ಕೃಷಿ ಪ್ರಯೋಗ ಕೇಂದ್ರ ತೆರೆಯಲು 1899ರಲ್ಲಿ 30 ಎಕರೆ ಜಮೀನು ಕೊಟ್ಟವರು ಆಕೆ. ಡಾ. ಲೇಮನ್ ಎಂಬ ರಸಾಯನಜ್ಞರು ಮಣ್ಣು ಮತ್ತು ಬೆಳೆಯ ಪರೀಕ್ಷೆ ಆರಂಭಿಸಿದ ಆ ನೆಲದಿಂದಲೇ ಮುಂದೆ ಕೃಷಿ ಶಾಲೆ, ಕಾಲೇಜು, 1964ರಲ್ಲಿ ವಿಶ್ವವಿದ್ಯಾಲಯ ಬೆಳೆದವು. ಆದರೆ ಆಕೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಪತಿಯ ಸಾವಿನಿಂದ ಮಾತು ಶುರುಮಾಡುತ್ತಾರೆ. ನಿಜಕ್ಕೂ ಶುರುಮಾಡಬೇಕಾದದ್ದು ತವರಿನಿಂದ.

ತವರು ನಂಜನಗೂಡಿನ ಹತ್ತಿರದ ಕಳಲೆ. ತಂದೆ ಕಳಲೆಯ ನರಸರಾಜೇ ಅರಸು. ಇಂದು ಲಕ್ಷ್ಮೀಕಾಂತಸ್ವಾಮಿ ದೇವಸ್ಥಾನದ ಹೆಸರಿನಿಂದ ಗುರುತಿಸುವ ಈ ಊರು ಒಂದು ಕಾಲಕ್ಕೆ ಮೈಸೂರಿಗೆ ಸರಿಸಮನಾದ ಪಾಳೆಯಪಟ್ಟು. 17ನೇ ಶತಮಾನದ ಆರಂಭದಲ್ಲಿ ರಾಜ ಒಡೆಯರು ಕಳಲೆಯವರೊಂದಿಗೆ ಒಪ್ಪಂದ ಮಾಡಿಕೊಂಡರು: ಸಿಂಹಾಸನ ಮೈಸೂರಿನವರಿಗೆ, ದಳವಾಯಿ ಪದವಿ ಕಳಲೆಯವರಿಗೆ. ಅಂದಿನಿಂದ ಸೈನ್ಯದ ಹೊಣೆ ಈ ಮನೆತನದ ಕೈಗೆ ಬಂತು.

ಆ ಹೊಣೆ ಬರಬರುತ್ತಾ ಅಧಿಕಾರವೇ ಆಯಿತು. 1734ರಲ್ಲಿ ಕಳಲೆಯ ದಳವಾಯಿಗಳು ಏಳನೆಯ ಚಾಮರಾಜ ಒಡೆಯರನ್ನೇ ಪದಚ್ಯುತಗೊಳಿಸಿ ಕಬ್ಬಾಳದುರ್ಗದಲ್ಲಿ ಸೆರೆಯಿಟ್ಟರು. ದಳವಾಯಿ ದೇವರಾಜಯ್ಯ, ಕರಾಚೂರಿ ನಂಜರಾಜಯ್ಯ ಸೋದರರ ಕಾಲದಲ್ಲಂತೂ ಅರಸರು ಹೆಸರಿಗಷ್ಟೇ ಅರಸರು. 1749ರಲ್ಲಿ ಮೈಸೂರಿನ ಸೈನ್ಯ ದೇವನಹಳ್ಳಿಗೆ ಮುತ್ತಿಗೆ ಹಾಕಿದಾಗ ಹೈದರಾಲಿ ಎಂಬ ಸಿಪಾಯಿಯ ಸಾಹಸ ನಂಜರಾಜಯ್ಯನ ಕಣ್ಣಿಗೆ ಬಿತ್ತು. ತಾನೇ ಮೇಲೆತ್ತಿದ ಆ ಸಿಪಾಯಿ ಮುಂದೆ ತನ್ನನ್ನೇ ಮೂಲೆಗೊತ್ತಿದ. ಇದೇ ನಂಜರಾಜಯ್ಯ ಕನ್ನಡದಲ್ಲಿ ಶೈವ ಕೃತಿಗಳನ್ನು ಬರೆದ ಪಂಡಿತ. ಆತನ ಹೆಸರಿನಲ್ಲಿ ನೃಸಿಂಹ ಕವಿ ಸಂಸ್ಕೃತದಲ್ಲಿ ಅಲಂಕಾರಗ್ರಂಥ ರಚಿಸಿದ. ಕತ್ತಿ, ಲೇಖನಿ, ರಾಜಕಾರಣ ಮೂರನ್ನೂ ಬಲ್ಲ ಮನೆಯಿದು. ಹೆಣ್ಣು ಕೊಡುವುದು ಈ ಮನೆಯ ಒಂದು ಪಾತ್ರ ಮಾತ್ರವಾಗಿತ್ತು; ನಂಜರಾಜಯ್ಯನ ಮಗಳೂ ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿಯೇ.

ಕೆಂಪನಂಜಮ್ಮಣ್ಣಿ ಹುಟ್ಟುವ ಹೊತ್ತಿಗೆ ಆ ವೈಭವ ಅಳಿದು ನೂರು ವರ್ಷ ಕಳೆದಿತ್ತು. ಮೈಸೂರು 1831ರಿಂದ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ಪಡೆದ ಬಾಲಕನೇ ಚಾಮರಾಜ. ಬೆಟ್ಟದಕೋಟೆಯ ಅರಸು ಮನೆತನದವನು, ಅರಸರ ಮಗಳ ಮಗ. 1868ರಲ್ಲಿ ಅರಸರು ತೀರಿಕೊಂಡಾಗ ಐದು ವರ್ಷದ ಹುಡುಗನಿಗೆ ಪಟ್ಟವಾಯಿತು. ಓದಿಸುವ ಭಾರ ಇಂಗ್ಲಿಷ್ ಪೋಷಕರದು, ಅರಮನೆಯ ಲೆಕ್ಕಪತ್ರ ರಂಗಾಚಾರ್ಲು ಅವರದು. ಬಾಲಕ ಬೆಂಗಳೂರಿಗೆ ಬಂದಾಗ ಇರಲೆಂದು 1873ರಲ್ಲಿ ರೆವರೆಂಡ್ ಗ್ಯಾರೆಟ್ ಅವರ ಬಂಗಲೆಯನ್ನು ಕೊಳ್ಳಲಾಯಿತು. ಇಂದು ಮೇಕ್ರಿ ವೃತ್ತದಿಂದ ಜಯಮಹಲ್‌ವರೆಗೆ ಹಬ್ಬಿರುವ ಅರಮನೆ ಮೈದಾನದ ನಡುವೆ ನಿಂತಿರುವ ಬೆಂಗಳೂರು ಅರಮನೆಯ ಮೂಲ ಅದೇ.

ಮದುವೆ ನಡೆದದ್ದು 1878ರ ಮೇ 26ರಂದು. ಹುಡುಗನಿಗೆ ಹದಿನೈದು, ಹುಡುಗಿಗೆ ಹನ್ನೆರಡು. 1876ರಿಂದ ನಾಡನ್ನು ಹಿಂಡಿದ ಭೀಕರ ಕ್ಷಾಮದ ಗಾಯ ಇನ್ನೂ ಮಾಗಿರಲಿಲ್ಲ. ಸಂಸ್ಥಾನ ಮರಳಿ ಒಡೆಯರ ಕೈಸೇರಿದ್ದು 1881ರ ಮಾರ್ಚ್ 25ರಂದು. ಅಂದರೆ ಆಕೆ ಸೊಸೆಯಾಗಿ ಬಂದ ಅರಮನೆಗೆ ಆಗ ರಾಜ್ಯವೇ ಇರಲಿಲ್ಲ. ಅಧಿಕಾರ ಬರುವುದು ಎಷ್ಟು ಕಷ್ಟ, ಕೈಜಾರುವುದು ಎಷ್ಟು ಸುಲಭ ಎಂಬುದನ್ನು ತವರಿನ ಚರಿತ್ರೆಯೂ ಗಂಡನ ಮನೆಯ ಸ್ಥಿತಿಯೂ ಒಟ್ಟಿಗೇ ತೋರಿಸಿಕೊಟ್ಟಿದ್ದವು.

ದಂಪತಿಗೆ ಜಯಲಕ್ಷ್ಮಮ್ಮಣ್ಣಿ, ಕೃಷ್ಣಾಜಮ್ಮಣ್ಣಿ, ಚೆಲುವಾಜಮ್ಮಣ್ಣಿ ಎಂಬ ಹೆಣ್ಣುಮಕ್ಕಳು. ಕೃಷ್ಣರಾಜ (1884), ಕಂಠೀರವ ನರಸಿಂಹರಾಜ (1888) ಎಂಬ ಗಂಡುಮಕ್ಕಳು. 1894ರ ಡಿಸೆಂಬರ್ 28ರಂದು ಕಲ್ಕತ್ತದಲ್ಲಿ ಚಾಮರಾಜ ಒಡೆಯರು ಡಿಫ್ತೀರಿಯಾದಿಂದ ತೀರಿಕೊಂಡಾಗ ಹಿರಿಯ ಮಗನಿಗೆ ಹತ್ತು ವರ್ಷ, ತಾಯಿಗೆ ಇಪ್ಪತ್ತೆಂಟು.

ಮಗನ ಪರವಾಗಿ ಆಕೆಯೇ ರಾಜಪ್ರತಿನಿಧಿಯಾದರು. ಆಗ ಯುರೋಪಿನಲ್ಲೂ ಇಂಥ ಇಬ್ಬರು ತಾಯಂದಿರಿದ್ದರು. ಮೊರಾವಿಯಾದಲ್ಲಿ ಹುಟ್ಟಿದ ಆಸ್ಟ್ರಿಯಾದ ಮರಿಯಾ ಕ್ರಿಸ್ಟಿನಾ 1885ರಿಂದ 1902ರ ಮೇವರೆಗೆ ಮಗ ಹದಿಮೂರನೆಯ ಅಲ್ಫಾನ್ಸೋನ ಪರವಾಗಿ ಸ್ಪೇನ್ ಆಳಿದಳು. ಜರ್ಮನಿಯ ಪುಟ್ಟ ವಾಲ್ಡೆಕ್ ಸಂಸ್ಥಾನದ ಎಮ್ಮಾ 1898ರವರೆಗೆ ಮಗಳು ವಿಲ್ಹೆಲ್ಮಿನಾಳ ಪರವಾಗಿ ನೆದರ್ಲೆಂಡ್ಸ್ ನೋಡಿಕೊಂಡಳು. ಅವರಿಬ್ಬರೂ ಪರದೇಶದ ಸೊಸೆಯರು. ಕೆಂಪನಂಜಮ್ಮಣ್ಣಿಗೆ ನೆಲ, ನುಡಿ, ನೆಂಟರು ಎಲ್ಲ ತನ್ನವೇ. ಅರಸು ಸಮುದಾಯದ ಸಂಬಂಧ ಎಷ್ಟು ಹೆಣೆದುಕೊಂಡಿತ್ತೆಂದರೆ, ಆಕೆಯ ತಮ್ಮ ಎಂ. ಕಾಂತರಾಜೇ ಅರಸು ಅಕ್ಕನ ಹಿರಿಮಗಳು ಜಯಲಕ್ಷ್ಮಮ್ಮಣ್ಣಿಯನ್ನೇ ಮದುವೆಯಾದರು. 1897ರ ಫೆಬ್ರವರಿಯಲ್ಲಿ ಈ ಮದುವೆಯ ಸಂಭ್ರಮ ನಡೆದಿರುವಾಗಲೇ ಮೈಸೂರಿನ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಈಗಿನ ಅರಮನೆಯನ್ನು ಹೆನ್ರಿ ಇರ್ವಿನ್ ಅವರಿಂದ ಕಟ್ಟಿಸಲು ಆರಂಭಿಸಿದವರೂ ಆಕೆಯೇ.

ದಿವಾನ್ ಶೇಷಾದ್ರಿ ಅಯ್ಯರ್ ಜೊತೆಗಿದ್ದರು, ನಿಜ. ಹಾಗೆಂದು ಈ ಏಳು ವರ್ಷದ ಕೀರ್ತಿಯನ್ನೆಲ್ಲ ಅವರೊಬ್ಬರ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಹೆಸರಘಟ್ಟದ ನೀರು ಬೆಂಗಳೂರು ನಗರಕ್ಕೆ ಹರಿದದ್ದು, ಪ್ಲೇಗಿನ ನಂತರ ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು, ಮಾರಿಕಣಿವೆಯ ಅಣೆಕಟ್ಟೆಯ ಕೆಲಸ ಆರಂಭವಾದದ್ದು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು, ಎಲ್ಲವೂ ಆಕೆಯ ಅವಧಿಯವು. ಇಂದು ಯಶವಂತಪುರದ ಪಕ್ಕದಲ್ಲಿರುವ ವಿಜ್ಞಾನ ಸಂಸ್ಥೆಗಾಗಿ ಟಾಟಾ ಅವರೊಂದಿಗೆ ಮಾತುಕತೆ ಆರಂಭವಾದದ್ದೂ ಆಗಲೇ. 371 ಎಕರೆ ಭೂಮಿ ಮಗನ ಕಾಲಕ್ಕೆ ದೊರೆಯಿತು.

ಸೊಸೆಯನ್ನು ತರುವಾಗ ಮಾತ್ರ ಅರಸು ಸಮುದಾಯದೊಳಗೇ ಹೆಣ್ಣು ತರುವ ರೂಢಿ ಬದಲಾಯಿತು. 1900ರ ಜೂನ್‌ನಲ್ಲಿ ಕೃಷ್ಣರಾಜ ಒಡೆಯರಿಗೆ ಕಾಠಿಯಾವಾಡದ ವನಾ ಸಂಸ್ಥಾನದ ಪ್ರತಾಪಕುಮಾರಿಯನ್ನು ತಂದುಕೊಂಡರು. 1902ರ ಆಗಸ್ಟ್ 8ರಂದು, ಜಗನ್ಮೋಹನ ಅರಮನೆಯಲ್ಲಿ ಲಾರ್ಡ್ ಕರ್ಜನ್ ಸಮ್ಮುಖದಲ್ಲಿ ಮಗ ಅಧಿಕಾರ ವಹಿಸಿಕೊಂಡರು. ಆಕೆಯ ತಮ್ಮ ಕಾಂತರಾಜೇ ಅರಸು, ವಿಶ್ವೇಶ್ವರಯ್ಯನವರ ನಂತರ, 1918ರ ಕೊನೆಯಿಂದ 1922ರವರೆಗೆ ಮೈಸೂರಿನ ದಿವಾನರಾಗಿದ್ದರು. ಕಳಲೆಯ ಮನೆತನ ಹೀಗೆ ಮತ್ತೊಮ್ಮೆ ಆಡಳಿತದ ಮುಂಚೂಣಿಗೆ ಬಂತು. ಕೆಂಪನಂಜಮ್ಮಣ್ಣಿ 1934ರ ಜುಲೈ 7ರಂದು ತೀರಿಕೊಂಡರು. ಕಿರಿಯ ಮಗ ನರಸಿಂಹರಾಜರ ಪುತ್ರ ಜಯಚಾಮರಾಜ ಒಡೆಯರು 1940ರಲ್ಲಿ ಪಟ್ಟಕ್ಕೆ ಬಂದರು.