ಮಳೆ ನಕ್ಷತ್ರಗಳ ಲೆಕ್ಕ

ಒಂದು ಊರಿನ ಗಾಳಿ, ಬಿಸಿಲು, ತೇವ, ಮೋಡ, ಮಳೆಗಳ ಆ ಹೊತ್ತಿನ ಸ್ಥಿತಿಗೆ ಹವಾಮಾನವೆಂದೂ, ಅವನ್ನು ಸಾಮಾನ್ಯವಾಗಿ 30 ವರ್ಷಗಳ ಕಾಲ ಅಳೆದಾಗ ತೋರುವ ಸರಾಸರಿ ಮತ್ತು ಏರಿಳಿತಗಳಿಗೆ ವಾಯುಗುಣವೆಂದೂ ಹೆಸರು. ಕನ್ನಡನಾಡಿನ ಒಕ್ಕಲುಗಳಲ್ಲಿ ಇಂದಿಗೂ ಉಳಿದಿರುವ ಮಳೆ ನಕ್ಷತ್ರಗಳ ಲೆಕ್ಕವನ್ನು ನಾಳಿನ ಮಳೆ ಹೇಳುವ ಭವಿಷ್ಯವೆಂದು ಬಗೆದು ತಳ್ಳಿಹಾಕುವವರು ಈ ಭೇದವನ್ನು ಮರೆಯುತ್ತಾರೆ; ಅದು ತಲೆಮಾರುಗಳ ಅನುಭವ ಕಟ್ಟಿಕೊಟ್ಟ ವಾಯುಗುಣದ ದಾಖಲೆ.

ಸೂರ್ಯ ವರ್ಷಕ್ಕೊಮ್ಮೆ ಸುತ್ತಿಬರುವಂತೆ ಕಾಣುವ ಆಕಾಶಪಥವನ್ನು 27 ಸಮಭಾಗ ಮಾಡಿದರೆ ಒಂದೊಂದು ಭಾಗದಲ್ಲಿ ಅವನು ಹದಿಮೂರು–ಹದಿನಾಲ್ಕು ದಿನ ಇರುತ್ತಾನೆ. ಆ ಅವಧಿಯಲ್ಲಿ ಬಿದ್ದ ಮಳೆಗೆ ಆ ನಕ್ಷತ್ರದ ಹೆಸರೇ ಅಂಟುತ್ತದೆ. ಏಪ್ರಿಲ್ ನಡುವಿನ ಅಶ್ವಿನಿಯಿಂದ ಎಣಿಕೆ ಹೊರಟು, ಭರಣಿ, ಕೃತ್ತಿಕೆ, ರೋಹಿಣಿಗಳ ಗುಡುಗು ಮಳೆಗೆ ನೆಲ ಉತ್ತು, ಜೂನ್ 8ರ ಸುಮಾರಿಗೆ ಬರುವ ಮೃಗಶಿರಕ್ಕೆ, ಅಂದರೆ ಉತ್ತರ ಕರ್ನಾಟಕದವರ ಮಿರಗಕ್ಕೆ, ಮುಂಗಾರಿನ ಕೂರಿಗೆ ಹೂಡುತ್ತಾರೆ. ನೈಋತ್ಯ ಮಾರುತ ಕೇರಳ ಕರಾವಳಿಯನ್ನು ಮುಟ್ಟುವ ವಾಡಿಕೆಯ ದಿನ ಜೂನ್ 1 ಎಂಬುದನ್ನು ನೆನೆದರೆ ಈ ಹೊಂದಿಕೆ ಆಕಸ್ಮಿಕವಲ್ಲವೆಂದು ತಿಳಿಯುತ್ತದೆ. ಹಸ್ತ, ಚಿತ್ತೆಗಳ ಮಳೆಯ ಹದಕ್ಕೆ ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ ಬೀಳುತ್ತವೆ. ಬಿದ್ದ ಮಳೆಗಿಂತ ಬಿದ್ದ ಹೊತ್ತು ಮುಖ್ಯವೆಂಬ ಬೇಸಾಯದ ಸತ್ಯ ಈ ಎಣಿಕೆಯೊಳಗೇ ಅಡಕವಾಗಿದೆ.

ಮಳೆಯನ್ನು ಹೊತ್ತಿನಿಂದ ಗುರುತಿಸುವುದರ ಜೊತೆಗೆ ಪ್ರಮಾಣದಿಂದ ಅಳೆಯುವ ಪದ್ಧತಿಯೂ ಹಳೆಯದೇ. ಕೌಟಿಲ್ಯನ ಅರ್ಥಶಾಸ್ತ್ರ ಕೋಠಾರದ ಮುಂದೆ ಒಂದು ಮೊಳ ಅಗಲದ ಬಾಯಿಯ ಪಾತ್ರೆಯನ್ನಿಡಬೇಕೆಂದು ವಿಧಿಸಿ, ಒಣನಾಡಿಗೆ 16 ದ್ರೋಣ, ನೀರುನೆಲಕ್ಕೆ ಅದರ ಒಂದೂವರೆ ಪಾಲು ಎಂದು ನಾಡುನಾಡಿನ ಮಳೆಯನ್ನು ಹೇಳುತ್ತದೆ. ಕೊಂಕಣವನ್ನೊಳಗೊಂಡ ಪಡುವಣ ತೀರವಾದ ಅಪರಾಂತದ ಮಳೆಗೆ ಅಳತೆಯೇ ಇಲ್ಲವೆನ್ನುತ್ತದೆ. ಈ ಗ್ರಂಥದ ತಾಳೆಗರಿ ಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು. ಅಪರಾಂತದ ಆ ಮಾತಿಗೆ ಕಾರಣ ಸಹ್ಯಾದ್ರಿ: ಕಡಲಿನಿಂದ ತೇವ ಹೊತ್ತು ಬಂದ ಗಾಳಿ ಘಟ್ಟವನ್ನೇರುತ್ತ ಹಿಗ್ಗಿ ತಣ್ಣಗಾಗಿ, ತನ್ನೊಳಗಿನ ಆವಿಯನ್ನು ಮಳೆಯಾಗಿ ಇಳಿಸಿ, ಮೂಡಣಕ್ಕೆ ಇಳಿಯುವಾಗ ಮತ್ತೆ ಬೆಚ್ಚಗಾಗಿ ಒಣಗುತ್ತದೆ. ಈ ಒಣಮಗ್ಗುಲನ್ನು ಮಳೆನೆರಳಿನ ಪ್ರದೇಶವೆನ್ನುತ್ತಾರೆ. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾದ ಮಳೆ ಸುರಿದರೆ ಚಳ್ಳಕೆರೆಯ ಸೀಮೆಗೆ 500ರ ಆಸುಪಾಸು ಸಿಕ್ಕಿದರೂ ಅದು ಪುಣ್ಯವೇ. ಚದರ ಮೀಟರು ನೆಲದ ಮೇಲೆ ಒಂದು ಲೀಟರು ನೀರು ನಿಂತರೆ ಅದು ಒಂದು ಮಿಲಿಮೀಟರ್ ಮಳೆ; ಮಳೆಮಾಪಕದಲ್ಲಿ ಬೆಳಗ್ಗೆ ಎಂಟೂವರೆಗೆ ಓದುವುದು ಇದನ್ನೇ. ಈ ಬಗೆಯ ಅಳತೆಗಳನ್ನು ದೇಶವ್ಯಾಪಿಯಾಗಿ ಒಂದೇ ಕ್ರಮಕ್ಕೆ ತರುವ ಹೊಣೆ 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಗೆ ಬಂದಿತು.

ಕನ್ನಡದಲ್ಲಿ ಇಮ್ಮಡಿ ಚಾವುಂಡರಾಯನ ಲೋಕೋಪಕಾರ (1025) ಮಳೆಯ ಲಕ್ಷಣಗಳನ್ನು ಹೇಳಿದರೆ, 1300ರ ಸುಮಾರಿನ ರಟ್ಟಕವಿಯ ರಟ್ಟಮತ ಮಳೆ, ಮಿಂಚು, ಭೂಕಂಪಗಳಂಥ ವಿದ್ಯಮಾನಗಳಿಗೇ ಮೀಸಲಾಗಿದೆ. ಶಕುನವೂ ವೀಕ್ಷಣೆಯೂ ಬೆರೆತಿರುವ ಈ ಗ್ರಂಥಗಳನ್ನು ವಿಜ್ಞಾನದ ಇತಿಹಾಸಕಾರರು ಇನ್ನಷ್ಟು ಅಕ್ಕರೆಯಿಂದ ಓದಬೇಕಾಗಿದೆ.

ಆದರೆ ಈ ಪಂಚಾಂಗದ ಲೆಕ್ಕವೂ ನಿಂತಲ್ಲಿ ನಿಂತಿಲ್ಲ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ಓಲುವ ಅಯನಚಲನೆಯಿಂದಾಗಿ, ನಕ್ಷತ್ರಗಳನ್ನು ಆಧರಿಸಿದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದವಾಗಿ, ಹತ್ತಿರ ಹತ್ತಿರ 72 ವರ್ಷಕ್ಕೊಂದು ದಿನದಂತೆ ನಕ್ಷತ್ರಗಳು ಋತುವಿನಿಂದ ಹಿಂದೆ ಬೀಳುತ್ತವೆ. ಚಾವುಂಡರಾಯನಿಂದ ಇಲ್ಲಿಗೆ ಕಳೆದ ಸಾವಿರ ವರ್ಷದಲ್ಲಿ ಕೂಡಿಬಂದ ವ್ಯತ್ಯಾಸ ಸುಮಾರು ಹದಿನಾಲ್ಕು ದಿನ, ಅಂದರೆ ಹೆಚ್ಚುಕಡಿಮೆ ಒಂದು ಮಳೆ ನಕ್ಷತ್ರ: ಇಂದು ಮಿರಗವೆಂದು ಕರೆಯಿಸಿಕೊಳ್ಳುವ ಮಳೆ ಅವನ ಕಾಲದ ಎಣಿಕೆಯಲ್ಲಿ ಮುಂದಿನ ನಕ್ಷತ್ರವಾದ ಆರಿದ್ರೆಯ ಮಳೆಯಾಗಿತ್ತು.