ಒಂದು ಗಜದ ಇತಿಹಾಸ

ಅಮೆರಿಕದ ಫುಟ್‌ಬಾಲ್ ಹೆಸರಿಗೆ ಕಾಲ್ಚೆಂಡಾಟವಾದರೂ ಅಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ನೂರು ಗಜದ ಮೈದಾನ. ಹತ್ತು ಗಜ ಮುನ್ನಡೆಯಲು ನಾಲ್ಕು ಪ್ರಯತ್ನಗಳು. ಚೆಂಡನ್ನು ಎದುರಾಳಿಯ ಗಡಿಗೆರೆ ದಾಟಿಸಿದರೆ ಟಚ್‌ಡೌನ್, ಆರು ಅಂಕ. ಕಂಬಗಳ ನಡುವೆ ಒದ್ದು ದಾಟಿಸಿದರೆ ಫೀಲ್ಡ್ ಗೋಲ್, ಮೂರು ಅಂಕ. ಇಷ್ಟು ತಿಳಿದರೆ ಸಾಕು, ಆ ಆಟದ ಮಹಾಪಂದ್ಯಗಳ ಸ್ವಾರಸ್ಯವನ್ನು ನಾವೂ ಸವಿಯಬಹುದು. ನನಗೆ ಅತ್ಯಂತ ಪ್ರಿಯವಾದ ನಾಲ್ಕು ಚಾಂಪಿಯನ್‌ಷಿಪ್ ಪಂದ್ಯಗಳಿವೆ. ನಾಲ್ಕರ ತೀರ್ಪೂ ಕಡೆಯ ಒಂದು ಗಜದಲ್ಲಿ ಆಯಿತು.

ಮೊದಲನೆಯದು 1958ರ ಡಿಸೆಂಬರ್ 28ರಂದು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ನಡೆದದ್ದು. ನ್ಯೂಯಾರ್ಕ್ ಜೈಂಟ್ಸ್ 17–14ರಿಂದ ಮುಂದಿತ್ತು. ಆ ತಂಡದ ಫ್ರಾಂಕ್ ಗಿಫರ್ಡ್ ಕೆಲವೇ ಅಂಗುಲಗಳಷ್ಟು ಮುಂದೆ ಬಿದ್ದಿದ್ದರೆ ಪಂದ್ಯ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತಿತ್ತು. ಗೆರೆ ಮುಟ್ಟಲಿಲ್ಲವೆಂದು ತೀರ್ಪಾಯಿತು. ಮುಟ್ಟಿದ್ದೆನೆಂದು ಗಿಫರ್ಡ್ ಬಹುಕಾಲ ವಾದಿಸಿದರು. ಬಾಲ್ಟಿಮೋರ್ ಕೋಲ್ಟ್ಸ್ ತಂಡದ ಜಾನಿ ಯುನೈಟಸ್, ಏಳು ಸೆಕೆಂಡು ಉಳಿದಿರುವಾಗ ಫೀಲ್ಡ್ ಗೋಲ್‌ನಿಂದ ಸಮಬಲವಾಗುವಂತೆ ತನ್ನ ತಂಡವನ್ನು ಮುನ್ನಡೆಸಿದರು. ಲೀಗಿನ ಚಾಂಪಿಯನ್‌ಷಿಪ್ ಪಂದ್ಯವೊಂದು ಹೆಚ್ಚುವರಿ ಅವಧಿಗೆ ಹೋದದ್ದು ಅದೇ ಮೊದಲು. ಕೊನೆಗೆ ಆ್ಯಲನ್ ಅಮೀಚಿ ಒಂದು ಗಜ ನುಗ್ಗಿ 23–17ರ ಜಯ ತಂದರು.

ಎರಡನೆಯದು 1967ರ ಡಿಸೆಂಬರ್ 31ರ ‘ಐಸ್ ಬೌಲ್’. ವಿಸ್ಕಾನ್ಸಿನ್ ರಾಜ್ಯದ ಪುಟ್ಟ ಊರು ಗ್ರೀನ್ ಬೇಯಲ್ಲಿ ಅಂದು ಸುಮಾರು ಮೈನಸ್ 25 ಡಿಗ್ರಿ ಸೆಲ್ಸಿಯಸ್ ಚಳಿ. ನಿರ್ಣಾಯಕರ ಸೀಟಿಗಳೂ ಹೆಪ್ಪುಗಟ್ಟಿದವು, ನೆಲ ಮಂಜುಗಡ್ಡೆಯಾಯಿತು. ಆತಿಥೇಯ ಪ್ಯಾಕರ್ಸ್ ತಂಡ ಡಲ್ಲಾಸ್ ಕೌಬಾಯ್ಸ್ ಎದುರು 14–17ರಿಂದ ಹಿಂದಿತ್ತು. ಉಳಿದದ್ದು 16 ಸೆಕೆಂಡು, ಗುರಿ ಸುಮಾರು ಒಂದು ಗಜ ದೂರ, ಆಟ ನಿಲ್ಲಿಸುವ ಅವಕಾಶಗಳೆಲ್ಲ ಮುಗಿದಿದ್ದವು. ಚೆಂಡು ಎಸೆದು ಅದು ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ, ಫೀಲ್ಡ್ ಗೋಲ್ ಒದ್ದು ಸಮಬಲ ಸಾಧಿಸಬಹುದು. ನುಗ್ಗಿ ವಿಫಲರಾದರೆ ಕಾಲವೇ ಮುಗಿದುಹೋಗುತ್ತದೆ. ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್, ತರಬೇತುದಾರ ವಿನ್ಸ್ ಲೊಂಬಾರ್ಡಿಯವರೊಡನೆ ಮಾತಾಡಿ ಬಂದು, ಚೆಂಡನ್ನು ಯಾರಿಗೂ ಕೊಡದೆ ತಾವೇ ನುಗ್ಗಿದರು. ಪ್ಯಾಕರ್ಸ್ 21–17ರಿಂದ ಗೆದ್ದಿತು.

ಮೂರನೆಯದು 2000ದ ಜನವರಿ 30ರಂದು ಅಟ್ಲಾಂಟಾದಲ್ಲಿ ನಡೆದ ಸೂಪರ್ ಬೌಲ್. ಸೇಂಟ್ ಲೂಯಿಸ್ ರ‍್ಯಾಮ್ಸ್ 23, ಟೆನೆಸಿ ಟೈಟನ್ಸ್ 16. ಕಡೆಯ ಆಟದಲ್ಲಿ ಟೈಟನ್ಸಿನ ಕೆವಿನ್ ಡೈಸನ್ ಚೆಂಡು ಹಿಡಿದು ಗಡಿಯತ್ತ ಓಡಿದಾಗ ಮೈಕ್ ಜೋನ್ಸ್ ಅವರ ಕಾಲುಗಳನ್ನು ತಬ್ಬಿ ಹಿಡಿದರು. ಡೈಸನ್ ಬೀಳುತ್ತಲೇ ಕೈ ಚಾಚಿದರು. ಚೆಂಡು ಗಡಿಯನ್ನು ಮುಟ್ಟಲಿಲ್ಲ.

ನಾಲ್ಕನೆಯದು 2015ರ ಫೆಬ್ರವರಿ 1ರಂದು ಅರಿಜೋನಾದಲ್ಲಿ ನಡೆದ ಸೂಪರ್ ಬೌಲ್. ಸಿಯಾಟಲ್ ಸೀಹಾಕ್ಸ್ 24–28ರಿಂದ ಹಿಂದಿದ್ದು, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ಗಡಿಯಿಂದ ಒಂದೇ ಗಜ ದೂರದಲ್ಲಿತ್ತು. 26 ಸೆಕೆಂಡು ಉಳಿದಿತ್ತು. ಮಾರ್ಷಾನ್ ಲಿಂಚ್ ಎಂಬ ಬಲಶಾಲಿ ಓಟಗಾರ ತಂಡದಲ್ಲಿದ್ದರೂ ರಸೆಲ್ ವಿಲ್ಸನ್ ಚೆಂಡನ್ನು ಎಸೆದರು. ವಾರ್ಷಿಕ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸದೆ ಬಿಟ್ಟಿದ್ದ ಹೊಸಬ ಮಾಲ್ಕಮ್ ಬಟ್ಲರ್ ನಡುವೆ ನುಗ್ಗಿ ಅದನ್ನು ಕಸಿದುಕೊಂಡರು. ಸಿಯಾಟಲ್ ತರಬೇತುದಾರ ಪೀಟ್ ಕ್ಯಾರಲ್ ಅವರನ್ನು ಜಗತ್ತೇ ಮೂರ್ಖನೆಂದಿತು.

ಇತಿಹಾಸ ಬೋಧಿಸಿದವನ ಮನಸ್ಸು ನಿಲ್ಲುವುದು ಇಲ್ಲಿಯೇ. ಕ್ಯಾರಲ್ ಅವರಿಗೂ ಲೆಕ್ಕಾಚಾರವಿತ್ತು. ಇನ್ನೂ ಮೂರು ಪ್ರಯತ್ನಗಳಿದ್ದವು, ಆಟ ನಿಲ್ಲಿಸುವ ಅವಕಾಶ ಒಂದೇ ಇತ್ತು. ಮೂರನ್ನೂ ಬಳಸಬೇಕಾದರೆ ಒಮ್ಮೆ ಎಸೆಯುವುದು ಅವಿವೇಕವೇನಲ್ಲ. ಲೊಂಬಾರ್ಡಿಯವರ ಜೂಜು ಇದಕ್ಕಿಂತ ದೊಡ್ಡದು. ಅವರಿಗೆ ಎರಡನೆಯ ಅವಕಾಶ ಸಿಗುವ ಭರವಸೆಯೇ ಇರಲಿಲ್ಲ. ಆ ಮಂಜುಗಡ್ಡೆಯ ಮೇಲೆ ಸ್ಟಾರ್ ಅವರ ಕಾಲು ಜಾರಿದ್ದರೆ? ಸಮಬಲದ ದಾರಿ ಬಿಟ್ಟು ಹಟಕ್ಕೆ ಬಿದ್ದು ಸೋತರೆಂದು ಇದೇ ಲೋಕ ಆಡಿಕೊಳ್ಳುತ್ತಿತ್ತು. ಇಂದು ಸೂಪರ್ ಬೌಲ್ ವಿಜೇತರಿಗೆ ಕೊಡುವ ಟ್ರೋಫಿಗೆ ಲೊಂಬಾರ್ಡಿಯವರ ಹೆಸರೇ ಇದೆ. ಗೆದ್ದಾಗ ಧೈರ್ಯವೆನಿಸಿದ್ದು ಸೋತಾಗ ದುಡುಕೆನಿಸುತ್ತದೆ.

ಸಾಮ್ರಾಜ್ಯಗಳ ಏಳುಬೀಳನ್ನು ಓದುವಾಗಲೂ ನಾವು ಹೀಗೆಯೇ ಫಲವನ್ನು ನೋಡಿ ಮನುಷ್ಯನನ್ನು ಅಳೆಯುತ್ತೇವೆ. ನಿರ್ಧಾರವನ್ನು ತೂಗಬೇಕಾದದ್ದು ಅದನ್ನು ಕೈಗೊಂಡ ಕ್ಷಣದಲ್ಲಿ ತಿಳಿದಿದ್ದ ಸಂಗತಿಗಳಿಂದ. ಆ ನ್ಯಾಯವನ್ನು ಕ್ಯಾರಲ್ ಅವರಿಗೂ, ಕೈ ಚಾಚಿ ಬಿದ್ದ ಡೈಸನ್ ಅವರಿಗೂ ಸಲ್ಲಿಸಿದ ಮೇಲೆಯೇ ಓದುಗರು ಈ ನಾಲ್ಕು ಪಂದ್ಯಗಳಲ್ಲಿ ಗೆದ್ದವರನ್ನು ಹೊಗಳಲಿ.